ಅಡಿಸ್ ಅಬಾಬಾಗೆ ಹೊರಟವಳಿಗೆ ದೊಡ್ಡಮ್ಮನ ಕಿವಿಮಾತು

ಇಂಗ್ಲಿಷ್ ಪಾಠ ಹೇಳೋಕೆ ಇಥಿಯೋಪಿಯಾಕ್ಕೆ ಹೋಗ್ತಾಳಂತೆ ಅಂತ ನಿಮ್ಮಮ್ಮ ಚಾಮರಾಜಪೇಟೆಯಿಂದ ಫೋನಿನಲ್ಲಿ ಅಳುತ್ತಿದ್ದಾಳೆ. ನಾನು ಖುಷಿಪಟ್ಟೆ. ನಾನೂ ನಿನ್ನ ದೊಡ್ಡಪ್ಪನೂ ಅಲ್ಲಿ ಟೀಚರುಗಳಾಗಿದ್ದವರು. 1974ರಲ್ಲಿ ಚಕ್ರವರ್ತಿ ಹೈಲೆ ಸೆಲಾಸಿಯನ್ನು ಪಟ್ಟದಿಂದ ಇಳಿಸಿದಾಗ ಅಲ್ಲೇ ಇದ್ದೆವು. ಊರು ಎಷ್ಟೋ ಬೆಳೆದಿದೆ. ಆದರೂ ಹೊಸಬರಿಗೆ ಮೊದಮೊದಲು ದಿಕ್ಕು ತಪ್ಪಿಸುವ ಸಂಗತಿಗಳು ಅವೇ.

• ಮೊದಲು ಯೆಲ್ಲೋ ಫೀವರ್ ಲಸಿಕೆ ಹಾಕಿಸಿಕೋ, ಹೊರಡೋಕೆ ಕನಿಷ್ಠ 10 ದಿನ ಮುಂಚೆ. ಆ ಹಳದಿ ಕಾರ್ಡು ಪಾಸ್‌ಪೋರ್ಟಿನ ಜೊತೆಗೇ ಇರಲಿ. ಅದಿಲ್ಲದೆ ವಾಪಸು ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಹಿಡಿದು ಪ್ರತ್ಯೇಕವಾಗಿ ಇಡುತ್ತಾರೆ.

• ಸಂಬಳ ಡಾಲರಿನಲ್ಲೋ ಅಲ್ಲಿನ ದುಡ್ಡಾದ ಬಿರ್‌ನಲ್ಲೋ, ಮನೆಗೆ ಕಳಿಸೋದು ಹೇಗೆ, ಸಹಿ ಹಾಕುವ ಮುಂಚೆಯೇ ಕೇಳು. ಸಂಕೋಚ ಬೇಡ.

• ಗಡಿಯಾರದ ವಿಷಯ ಚೆನ್ನಾಗಿ ಕೇಳಿಸಿಕೋ. ಅಲ್ಲಿ ಗಂಟೆಯ ಎಣಿಕೆ ಶುರುವಾಗೋದು ಸೂರ್ಯೋದಯದಿಂದ, ನಮ್ಮ ತಾತ ಪಂಚಾಂಗ ಹಿಡಿದು ಘಳಿಗೆ ಎಣಿಸುತ್ತಿದ್ದ ಹಾಗೆ. ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ. ‘ನಾಳೆ ಎರಡೂವರೆಗೆ ಕ್ಲಾಸು’ ಅಂದರೆ ಬೆಳಗ್ಗೆ ಎಂಟೂವರೆ! ನೀನು ಮಧ್ಯಾಹ್ನ ಊಟ ಮುಗಿಸಿ ಹೋದರೆ ಖಾಲಿ ಬೆಂಚುಗಳಿಗೆ ಪಾಠ ಹೇಳಬೇಕು. ಯಾರು ಹೊತ್ತು ಹೇಳಿದರೂ ಯಾವ ಲೆಕ್ಕದ್ದು ಅಂತ ಕೇಳಿಕೋ. ಇಸವಿಯೂ ಬೇರೆ, ತಿಂಗಳು 13. ನಮ್ಮ 2025ರ ಸೆಪ್ಟೆಂಬರ್ 11ಕ್ಕೆ ಅವರಿಗೆ 2018 ಹುಟ್ಟಿತು. ಕರಾರುಪತ್ರದಲ್ಲಿ ತಾರೀಕನ್ನು ಎರಡೂ ಲೆಕ್ಕದಲ್ಲಿ ಬರೆಸಿಕೋ.

• ಅಡಿಸ್ ಇರೋದು 2,300 ಮೀಟರಿಗೂ ಮೇಲೆ, ನಮ್ಮ ಬೆಂಗಳೂರಿನ ಎರಡರಷ್ಟಕ್ಕಿಂತ ಎತ್ತರ. ಮೊದಲ ವಾರ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತೆ, ಹೆದರಬೇಡ, ನಿಧಾನವಾಗಿ ಓಡಾಡು. ಅಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತೆ, ತೆರೆದ ಪಾತ್ರೆಯಲ್ಲಿ ಬೇಳೆ ಬೇಗ ಬೇಯೋಲ್ಲ. ಕುಕ್ಕರ್ ತಗೊಂಡು ಹೋಗು, ಇನ್ನೊಂದು ಗ್ಯಾಸ್ಕೆಟ್ ಸಮೇತ. ಗಾಂಧಿ ಬಜಾರಿನಿಂದ ಹುಣಸೆಹಣ್ಣು, ಇಂಗು, ಸಾರಿನಪುಡಿ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಚಳಿ. ಸ್ವೆಟರ್ ಬೇಕೇ ಬೇಕು.

• ಊಟದ ಬಗ್ಗೆ ನಿಮ್ಮಮ್ಮನಿಗಿರುವ ಭಯ ಬೇಡ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮಾಂಸ, ಮೊಟ್ಟೆ, ಹಾಲು ಏನೂ ಮುಟ್ಟೋಲ್ಲ. ಈಸ್ಟರಿಗೆ ಮುಂಚೆ 55 ದಿನ ಇದೇ ವ್ರತ. ಯಾವತ್ತೇ ಆದರೂ ‘ತ್ಸೊಮ್’, ಅಂದರೆ ವ್ರತದ ಊಟ ಅಂತ ಕೇಳು. ಕಡಲೆಹಿಟ್ಟಿನ ಶಿರೊ, ಬೇಳೆ, ಸೊಪ್ಪು, ಟೆಫ್ ಹಿಟ್ಟು ಹುದುಗಿಸಿ ಒಂದೇ ಮಗ್ಗುಲು ಬೇಯಿಸಿದ ಇಂಜೆರಾ ಬರುತ್ತೆ. ಕಷ್ಟ ಇರೋದು ಬೇರೆ ಕಡೆ. ಎಲ್ಲರೂ ಒಂದೇ ದೊಡ್ಡ ತಟ್ಟೆಗೆ ಕೈಹಾಕುತ್ತಾರೆ. ಮನೆಯಾಕೆ ತುತ್ತು ಕಟ್ಟಿ ನಿನ್ನ ಬಾಯಿಗೇ ಇಡುತ್ತಾಳೆ, ಗುರ್ಷಾ ಅಂತ. ಎಂಜಲು ಅನ್ನೋ ಮಾತು ಕೇಳುತ್ತಲೇ ಬೆಳೆದವರು ನಾವು, ಮೈ ಹಿಂಜರಿಯುತ್ತೆ. ಮಾಂಸ ಬೇಡ ಅನ್ನು, ಯಾರೂ ಬೇಜಾರು ಮಾಡಿಕೊಳ್ಳೋಲ್ಲ. ಆ ತುತ್ತನ್ನು ಮಾತ್ರ ಬೇಡ ಅನ್ನಬೇಡ. ಬಸವನಗುಡಿಯ ಮಡಿಗಿಂತ ಆ ಪ್ರೀತಿ ದೊಡ್ಡದು ಅಂತ ನಾನು ಮನಸಾರೆ ನಂಬುತ್ತೇನೆ.

• ಕಾಫಿಗೆ ಕರೆದರೆ ಕೈಯಲ್ಲಿ ಸಾಕಷ್ಟು ಹೊತ್ತು ಇಟ್ಟುಕೊಂಡು ಹೋಗು. ಹಸಿ ಬೀಜವನ್ನು ನಿನ್ನ ಎದುರೇ ಕೆಂಡದ ಮೇಲೆ ಹುರಿದು, ಹೊಗೆಯಾಡುವ ಬಾಣಲೆಯನ್ನು ನಿನ್ನ ಮೂಗಿನ ಹತ್ತಿರ ತರುತ್ತಾರೆ. ಕೈಯಿಂದ ಹೊಗೆ ಸೆಳೆದು ಮೂಸಿ ತಲೆಯಾಡಿಸಬೇಕು. ಆಮೇಲೆ ಕುಟ್ಟಿ, ಜೆಬೆನಾ ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಬಗ್ಗಿಸುತ್ತಾರೆ. ಹಾಲಿಲ್ಲ, ಚಿಕೋರಿ ಇಲ್ಲ. ಮೂರು ಸುತ್ತು: ಅಬೋಲ್, ತೋನಾ, ಬೆರೆಕಾ. ಒಂದು ಸುತ್ತಿಗೇ ಎದ್ದರೆ ಅಗೌರವ.

• ಕ್ಲಾಸಿನಲ್ಲಿ ನೀನು ಏನೋ ಕೇಳುತ್ತೀ, ಹುಡುಗ ಗಾಬರಿಯಾದವನ ಹಾಗೆ ಸಟ್ಟನೆ ಉಸಿರು ಒಳಗೆಳೆದುಕೊಳ್ಳುತ್ತಾನೆ. ಅದು ಗಾಬರಿಯಲ್ಲ, ‘ಹೂಂ’ ಅಂದಿದ್ದು. ಮಾತು ಮುಂದುವರಿಸು. ನಮ್ಮ ಇಂಗ್ಲಿಷಿನ ವೇಗ ಅವರಿಗೆ ಹೊಸದು, ಮೊದಲ ವಾರ ಅರ್ಧಕ್ಕರ್ಧ ಇಳಿಸು, ಮುಖ್ಯವಾದದ್ದನ್ನೆಲ್ಲ ಬೋರ್ಡಿನ ಮೇಲೆ ಬರೆ. ಅಮೆರಿಕದವರ ಹಾಗೆ ನಾಲಿಗೆ ಹೊರಳಿಸೋಕೆ ಹೋಗಬೇಡ. ಕನ್ನಡದವರಾದ ನಾವು ‘ಎಗ್’ ಅನ್ನು ‘ಯೆಗ್’, ‘ಓನ್ಲಿ’ಯನ್ನು ‘ವೋನ್ಲಿ’ ಮಾಡುತ್ತೇವಲ್ಲ, ಅದನ್ನು ತಿದ್ದಿಕೋ. ಜ್ಞಾನಭಾರತಿಯ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್‌ನಲ್ಲಿ ತರಬೇತಿ ಪಡೆದ ಮೇಷ್ಟ್ರು ಯಾರಾದರೂ ಸಿಕ್ಕರೆ ಎದುರು ಕೂತು ಒಂದು ಪುಟ ಗಟ್ಟಿಯಾಗಿ ಓದು, ತಪ್ಪು ಹಿಡಿಯುತ್ತಾರೆ.

• ಅಲ್ಲಿಯವರಿಗೆ ಮನೆತನದ ಹೆಸರಿಲ್ಲ. ಮೊದಲು ತನ್ನ ಹೆಸರು, ಆಮೇಲೆ ಅಪ್ಪನದು. ಹಾಜರಿ ಕರೆಯುವಾಗ ಎರಡನೇ ಹೆಸರು ಹಿಡಿದು ಕರೆದರೆ ಅಪ್ಪನನ್ನು ಕೂಗಿದ ಹಾಗೆ.

• ತಲೆ ನರೆತವರು ಬಸ್ಸಿನಲ್ಲಿ, ಅಂಗಡಿಯಲ್ಲಿ ನಿನ್ನನ್ನು ತಡೆದು, ‘ನನಗೆ ಲೆಕ್ಕ ಕಲಿಸಿದ್ದು ಇಂಡಿಯನ್ ಟೀಚರು’ ಅನ್ನುತ್ತಾರೆ. ಆ ತಲೆಮಾರಿಗೆ ನಮ್ಮ ದೇಶದ ಮೇಷ್ಟ್ರುಗಳು ಹಳ್ಳಿಹಳ್ಳಿಗೂ ಹೋಗಿ ಪಾಠ ಹೇಳಿದ್ದಾರೆ. ನಿನಗೆ ಸಿಗುವ ಮೊದಲ ಗೌರವ ಅವರು ದುಡಿದಿಟ್ಟದ್ದು. ಎಷ್ಟೇ ಅವಸರವಿದ್ದರೂ ನಿಂತು ಪೂರ್ತಿ ಕೇಳಿಸಿಕೋ, ಆ ಮೇಷ್ಟ್ರ ಹೆಸರೇನು, ಯಾವ ಊರಿನವರು ಅಂತ ಕೇಳು.

• ಹೋದ ತಕ್ಷಣ ಭಾರತದ ರಾಯಭಾರ ಕಚೇರಿಯಲ್ಲಿ ಹೆಸರು ಬರೆಸು. ಬೇರೆ ಊರಿಗೆ ಹೊರಡುವ ಮುಂಚೆ ಅಲ್ಲಿನ ಪರಿಸ್ಥಿತಿ ವಿಚಾರಿಸು. ಕೆಲವು ಪ್ರಾಂತ್ಯಗಳಲ್ಲಿ ಗಲಭೆ ಇದೆ.

• ಅವರಿಗಿಂತ ನಾವು ಎರಡೂವರೆ ಗಂಟೆ ಮುಂದೆ. ನಿನ್ನ ಸಂಜೆ ಆರೂವರೆಗೆ ಇಲ್ಲಿ ಒಂಬತ್ತು. ಅಮ್ಮ ಮಲಗುವ ಮುಂಚೆ ಫೋನ್ ಮಾಡು, ಊಟಕ್ಕೆ ಏನು ಮಾಡಿದೆ ಅಂತ ಅವಳು ಕೇಳುವ ಮೊದಲೇ ಹೇಳಿಬಿಡು.