ಪಾಠ 12: ಪರದೇಶಕ್ಕೆ ಹೋಗಲು ವೀಸಾ

ನಮ್ಮ ಮಕ್ಕಳು ಈಗ ದೂರದ ದೇಶಗಳಲ್ಲಿ ಓದುತ್ತಾರೆ, ದುಡಿಯುತ್ತಾರೆ. ಅಲ್ಲಿ ಮದುವೆ, ನಾಮಕರಣ, ಪದವಿ ಸಮಾರಂಭ ನಡೆಯುತ್ತೆ. "ಅವ್ವಾ, ನೀನೂ ಬಾ" ಅಂತ ಕರೀತಾರೆ. ಹೋಗಲು ವಿಮಾನದ ಟಿಕೆಟ್ ಒಂದೇ ಸಾಲದು. ಪಾಸ್‌ಪೋರ್ಟ್ ಬೇಕು. ಬಹಳ ದೇಶಗಳಿಗೆ ವೀಸಾ ಕೂಡ ಬೇಕು.

ಪಾಸ್‌ಪೋರ್ಟ್ ಕೊಡೋದು ನಮ್ಮ ಸರ್ಕಾರ. ವೀಸಾ ಕೊಡೋದು ನಾವು ಹೋಗುವ ದೇಶದ ಸರ್ಕಾರ. ಪಾಸ್‌ಪೋರ್ಟ್ ನಮ್ಮ ಗುರುತು. ವೀಸಾ ಅವರ ಒಪ್ಪಿಗೆ.

ಒಬ್ಬ ತಾಯಿಯ ಮಗಳು ಬ್ರಿಟನ್ನಿನಲ್ಲಿ ಓದು ಮುಗಿಸಿದ್ದಾಳೆ ಅಂದುಕೊಳ್ಳೋಣ. ಪದವಿ ಕೊಡುವ ದಿನ ತಾಯಿ ಅಲ್ಲಿರಬೇಕು. ಆಕೆ ಏನು ಮಾಡಬೇಕು?

ಮೊದಲು ಪಾಸ್‌ಪೋರ್ಟ್ ಮಾಡಿಸಬೇಕು. ದೊಡ್ಡವರಿಗೆ ಅದು 10 ವರ್ಷ ನಡೆಯುತ್ತೆ. ಆಧಾರ್, ಬ್ಯಾಂಕ್ ಪುಸ್ತಕ, ಪಾಸ್‌ಪೋರ್ಟ್ ಎಲ್ಲದರಲ್ಲೂ ಹೆಸರು ಒಂದೇ ರೀತಿ ಇದೆಯೇ? ಅಕ್ಷರ ಅಕ್ಷರ ನೋಡಬೇಕು.

ಆಮೇಲೆ ವೀಸಾ ಅರ್ಜಿ. ಪ್ರಯಾಣಕ್ಕೆ 3 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಇದನ್ನು ಕಂಪ್ಯೂಟರಿನಲ್ಲಿ ಇಂಗ್ಲಿಷಿನಲ್ಲಿ ತುಂಬಬೇಕು. ಏಕೆ ಹೋಗುತ್ತೀರಿ? ಎಷ್ಟು ದಿನ ಇರುತ್ತೀರಿ? ಖರ್ಚು ಯಾರದು? ತಿಂಗಳಿಗೆ ನಿಮ್ಮ ಆದಾಯ ಎಷ್ಟು? ಇಂಥ ಪ್ರಶ್ನೆಗಳು ಇರುತ್ತವೆ. ಬೇರೆಯವರು ತುಂಬಿಕೊಡಬಹುದು. ಆದರೆ ಉತ್ತರಕ್ಕೆ ಹೊಣೆ ನಾವೇ. ಆದ್ದರಿಂದ ಒಂದೊಂದು ಉತ್ತರವನ್ನೂ ಕನ್ನಡದಲ್ಲಿ ಹೇಳಿಸಿಕೊಂಡು ಕೇಳೋಣ. ಆಮೇಲೆ ಒಪ್ಪಿಗೆ ಕೊಡೋಣ.

2025ರಲ್ಲಿ 6 ತಿಂಗಳ ವೀಸಾ ಶುಲ್ಕ 127 ಪೌಂಡ್ ಇತ್ತು. ನಮ್ಮ ಹಣದಲ್ಲಿ ಸುಮಾರು 14 ಸಾವಿರ ರೂಪಾಯಿ. ಶುಲ್ಕ ಆಗಾಗ ಬದಲಾಗುತ್ತೆ. ವೀಸಾ ಸಿಗದಿದ್ದರೆ ಈ ಹಣ ವಾಪಸ್ ಬರೋದಿಲ್ಲ.

ಅಧಿಕಾರಿಗಳು ಮುಖ್ಯವಾಗಿ ನೋಡೋದು ಒಂದು ಮಾತು: ಈಕೆ ಹೇಳಿದ ಕೆಲಸಕ್ಕೇ ಬರುತ್ತಾಳೆಯೇ, ಮುಗಿದ ಮೇಲೆ ಊರಿಗೆ ಮರಳುತ್ತಾಳೆಯೇ? ಅದನ್ನು ಕಾಗದಗಳು ಹೇಳಬೇಕು. ಮಗಳು ಬರೆದ ಆಹ್ವಾನ ಪತ್ರ, ಸಮಾರಂಭದ ದಿನ ತಿಳಿಸುವ ಪತ್ರ, ಬ್ಯಾಂಕ್ ಲೆಕ್ಕ, ಹೊಲದ ಪಹಣಿ ಇವೆಲ್ಲ ನೆರವಾಗುತ್ತವೆ. ಪಹಣಿ ಕನ್ನಡದಲ್ಲಿ ಇರುತ್ತೆ. ಅದನ್ನು ಇಂಗ್ಲಿಷಿಗೆ ಅನುವಾದ ಮಾಡಿಸಬೇಕು. ಅನುವಾದ ಮಾಡಿದವರ ಹೆಸರು, ಸಹಿ, ತಾರೀಖು ಹಾಕಿಸಬೇಕು.

ಕೆಲವರು ಸಾಲ ತಂದು ಬ್ಯಾಂಕ್ ಖಾತೆ ತುಂಬಿಸುತ್ತಾರೆ. ಇದು ಬೇಡ. ಹಣ ಎಲ್ಲಿಂದ ಬಂತು ಅನ್ನೋದನ್ನೂ ಅವರು ನೋಡ್ತಾರೆ. ಮಗಳೇ ಖರ್ಚು ಕೊಡುವುದಾದರೆ ಹಾಗೇ ಬರೆಯೋಣ. ಅದರಲ್ಲಿ ನಾಚಿಕೆ ಏನಿದೆ? ಸುಳ್ಳು ಕಾಗದ ಕೊಟ್ಟು ಸಿಕ್ಕಿಬಿದ್ದರೆ 10 ವರ್ಷ ಆ ದೇಶದ ಬಾಗಿಲು ಮುಚ್ಚಬಹುದು.

ಒಂದು ದಿನ ವೀಸಾ ಅರ್ಜಿ ಕೇಂದ್ರಕ್ಕೆ ಹೋಗಬೇಕು. ಬೆಂಗಳೂರಿನಲ್ಲಿ ಬ್ರಿಟನ್ ವೀಸಾದ ಕೇಂದ್ರ ಇದೆ. ಅಲ್ಲಿ ಫೋಟೋ ತೆಗೀತಾರೆ. ಹತ್ತು ಬೆರಳಿನ ಗುರುತು ತಗೋತಾರೆ. ಇದು ಓದು ಬಾರದವರ ಹೆಬ್ಬೆಟ್ಟಲ್ಲ, ಅಕ್ಕಾ. ಡಾಕ್ಟರೂ ಕೊಡಬೇಕು, ವಕೀಲರೂ ಕೊಡಬೇಕು. ಅಂಜಬೇಡಿ.

ಸಾಮಾನ್ಯವಾಗಿ 3 ವಾರದಲ್ಲಿ ಉತ್ತರ ಬರುತ್ತೆ. ಅಲ್ಲಿಯವರೆಗೆ ದುಬಾರಿ ಟಿಕೆಟ್ ಕೊಳ್ಳುವ ಅವಸರ ಬೇಡ. "ಇಷ್ಟು ಹಣ ಕೊಡಿ, ವೀಸಾ ಖಂಡಿತ ಕೊಡಿಸ್ತೀನಿ" ಅನ್ನುವ ದಲ್ಲಾಳಿಯನ್ನು ನಂಬಬೇಡಿ. ತೀರ್ಮಾನ ಆ ಸರ್ಕಾರದ್ದು. ಸಿಗದಿದ್ದರೆ ಕಾರಣ ಬರೆದು ತಿಳಿಸ್ತಾರೆ. ಕೊರತೆ ಸರಿಪಡಿಸಿ ಮತ್ತೆ ಅರ್ಜಿ ಹಾಕಬಹುದು.

ವೀಸಾ ಸಿಕ್ಕಿತೆ? ಅದರ ಕೊನೆಯ ತಾರೀಖು ಓದಿ. ಈ ವೀಸಾದಲ್ಲಿ ಅಲ್ಲಿ ಕೂಲಿಗಾಗಿ ದುಡಿಯುವ ಹಾಗಿಲ್ಲ. ನೋಡಿ, ನಲಿದು, ಅವಧಿ ಮುಗಿಯುವ ಮುಂಚೆ ಮನೆಗೆ ಮರಳೋಣ.

ನೆನಪಿಡೋಣ: ತಿಳಿಯದ ಕಾಗದಕ್ಕೆ ಸಹಿ ಬೇಡ. ಸುಳ್ಳು ಉತ್ತರ ಬೇಡ.

ಓದಿ, ಬರೆಯಿರಿ: ಪಾಸ್‌ಪೋರ್ಟ್, ವೀಸಾ, ಅರ್ಜಿ, ಶುಲ್ಕ, ಅನುವಾದ, ಸಹಿ.

ಉತ್ತರ ಹೇಳಿ:
1. ವೀಸಾ ಕೊಡುವವರು ಯಾರು?
2. ಪಹಣಿಯನ್ನು ಏಕೆ ಅನುವಾದ ಮಾಡಿಸಬೇಕು?
3. ನಿಮ್ಮ ಆಧಾರ್ ಮತ್ತು ಬ್ಯಾಂಕ್ ಪುಸ್ತಕ ತನ್ನಿ. ಎರಡರಲ್ಲೂ ನಿಮ್ಮ ಹೆಸರು ಒಂದೇ ಥರ ಇದೆಯೇ? ಓದಿ ನೋಡಿ.