ಒಂದೇ ಪೆಟ್ಟು, ಎರಡು ಸದ್ದು

ಪ್ರಶ್ನೆ: ಮನೆಯಲ್ಲೇ ಕಂಪ್ಯೂಟರಿನಲ್ಲಿ ಭಕ್ತಿಗೀತೆಗಳಿಗೆ ಹಿಮ್ಮೇಳ ಮಾಡುತ್ತೇನೆ. ಮಿಡಿ ಪ್ಯಾಡಿನಲ್ಲಿ ಚೆಂಡೆ ಬಾರಿಸಿ ರೆಕಾರ್ಡ್ ಮಾಡಿದರೆ ಕೆಲವು ಪೆಟ್ಟುಗಳು ಎರಡೆರಡಾಗಿ ಕೇಳುತ್ತವೆ. ಕ್ವಾಂಟೈಸ್ ಮಾಡಿದರೆ ಜೀವವೇ ಇರುವುದಿಲ್ಲ. ಇವೆಂಟ್ ಲಿಸ್ಟ್ ತೆರೆದರೆ ಬರೀ ಅಂಕೆಗಳು. ಅದರಿಂದ ಏನಾದರೂ ಉಪಯೋಗ ಉಂಟೇ?
– ಓದುಗರೊಬ್ಬರು, ಕನ್ಯಾನ

ಉತ್ತರ: ಉಂಟು. ನಿಮ್ಮ ಮೊದಲನೇ ತೊಂದರೆಗೆ ಮದ್ದು ಇರುವುದೇ ಆ ಅಂಕೆಗಳಲ್ಲಿ.

1983ರಲ್ಲಿ ಬಂದ ಮಿಡಿಯಲ್ಲಿ ಸದ್ದೇ ಇರುವುದಿಲ್ಲ. ಯಾವ ಕೀಲಿ, ಯಾವಾಗ, ಎಷ್ಟು ಜೋರು ಎಂಬ ಲೆಕ್ಕವಷ್ಟೇ ಇರುತ್ತದೆ. ಜೋರಿಗೆ, ಅಂದರೆ ವೆಲಾಸಿಟಿಗೆ, 1ರಿಂದ 127ರವರೆಗೆ ಅಂಕೆ. 1991ರ ಜನರಲ್ ಮಿಡಿ ಪಟ್ಟಿ 10ನೇ ಚಾನೆಲನ್ನು ತಾಳವಾದ್ಯಕ್ಕೆ ಮೀಸಲಿಟ್ಟಿತು: 36 ಎಂದರೆ ಕಿಕ್, 38 ಸ್ನೇರ್, 42 ಮುಚ್ಚಿದ ಹೈಹ್ಯಾಟ್. ಒಟ್ಟು 47 ಸದ್ದುಗಳ ಆ ಪಟ್ಟಿಯಲ್ಲಿ ಬೊಂಗೊ, ಕಾಂಗಾ ಎಲ್ಲ ಇವೆ; ನಮ್ಮ ಚೆಂಡೆ, ಮದ್ದಳೆ ಬಿಡಿ, ತಬಲಾ ಕೂಡ ಇಲ್ಲ. ಹಾಗಾಗಿ ನೀವು 38ರ ಮೇಲೆ ಚೆಂಡೆಯ ಸ್ಯಾಂಪಲ್ ಕೂರಿಸಿ ಮಿಡಿ ಫೈಲನ್ನಷ್ಟೇ ಗೆಳೆಯರಿಗೆ ಕಳಿಸಿದರೆ ಅವರ ಮನೆಯಲ್ಲಿ ಸ್ನೇರ್ ಬಡಿಯುತ್ತದೆ.

ಈಗ ಎರಡೆರಡು ಪೆಟ್ಟಿನ ವಿಷಯ. ಕೋಲು ಪ್ಯಾಡಿನ ಮೇಲೆ ಬಿದ್ದು ಸ್ವಲ್ಪ ಪುಟಿದರೂ ಪ್ಯಾಡ್ ಅದನ್ನು ಇನ್ನೊಂದು ಪೆಟ್ಟೆಂದು ಬರೆದುಕೊಳ್ಳುವುದುಂಟು. ಡ್ರಮ್ ಎಡಿಟರಿನ ಚಿತ್ರದಲ್ಲಿ ಎರಡು ಚುಕ್ಕೆಗಳು ಒಂದರ ಮೇಲೊಂದು ಕೂತು ಒಂದೇ ಕಾಣುತ್ತವೆ. ಲಿಸ್ಟಿನಲ್ಲಿ ಹಾಗಲ್ಲ, ಪ್ರತಿ ಪೆಟ್ಟಿಗೂ ಒಂದು ಸಾಲು. 38, ವೆಲಾಸಿಟಿ 96 ಎಂಬ ಸಾಲಿನ ಕೆಳಗೇ 9 ಟಿಕ್ ಬಿಟ್ಟು 38, ವೆಲಾಸಿಟಿ 13 ಎಂದಿದ್ದರೆ ಕಳ್ಳ ಸಿಕ್ಕಿದ ಹಾಗೆ. ಕಾಲು ಸ್ವರಕ್ಕೆ 480 ಟಿಕ್ ಇರುವ ತಂತ್ರಾಂಶದಲ್ಲಿ, ವೇಗ ನಿಮಿಷಕ್ಕೆ 120 ಇದ್ದರೆ, ಒಂದು ಟಿಕ್ ಸುಮಾರು ಒಂದು ಮಿಲಿಸೆಕೆಂಡ್. ಒಂಬತ್ತು ಮಿಲಿಸೆಕೆಂಡಿನಲ್ಲಿ ಎರಡು ಬಿಡಿ ಪೆಟ್ಟು ಕೊಡುವ ಕೈ ಯಾವ ಯಕ್ಷಗಾನ ಮೇಳದಲ್ಲೂ ಇಲ್ಲ. 13ರ ಸಾಲನ್ನು ಅಳಿಸಿ. ನಕಲು ಸ್ವರ ತೆಗೆಯುವ ಆಜ್ಞೆ ಹಲವು ತಂತ್ರಾಂಶಗಳಲ್ಲಿದೆ. ಆದರೆ ಕ್ಯೂಬೇಸಿನಂಥವುಗಳಲ್ಲಿ ಅದು ಸರಿಯಾಗಿ ಒಂದೇ ಜಾಗದಲ್ಲಿರುವ ಜೋಡಿಯನ್ನು ಮಾತ್ರ ಹಿಡಿಯುತ್ತದೆ. 9 ಟಿಕ್ ಆಚೆಗಿನದನ್ನು ನೀವೇ ಹಿಡಿಯಬೇಕು. ಮೊದಲೇ ಕ್ವಾಂಟೈಸ್ ಮಾಡಿ ಎರಡನ್ನೂ ಒಂದೇ ಗೆರೆಗೆ ತಂದರೆ ಆಜ್ಞೆಗೆ ಸಿಗುತ್ತದೆ ನಿಜ, ಆದರೆ ನಿಮ್ಮ ಎರಡನೇ ದೂರು ಶುರುವಾಗುವುದೇ ಅಲ್ಲಿಂದ.

ಪೂರ್ತಿ ಕ್ವಾಂಟೈಸ್ ಚೆಂಡೆಗೆ ಆಗಿಬರುವುದಿಲ್ಲ. ಬಲವನ್ನು ಶೇ. 50ಕ್ಕೆ ಇಳಿಸಿ, 12 ಟಿಕ್ ತಡವಾದದ್ದು 6ಕ್ಕೆ ಬರುತ್ತದೆ, ಅಷ್ಟು ಸಾಕು. ಬಿರುಸಿನ ಉರುಳಿಕೆಯನ್ನಂತೂ ಮುಟ್ಟಲೇಬೇಡಿ. ಅಲ್ಲಿ ಎಲ್ಲ ಪೆಟ್ಟಿಗೂ ವೆಲಾಸಿಟಿ 127 ಕೊಟ್ಟರೆ ತಗಡಿನ ಮಾಡಿನ ಮೇಲೆ ಮಳೆ ಬಿದ್ದಂತಾಗುತ್ತದೆ (ನಾನೂ ಮಾಡಿ ನೋಡಿದ್ದೇನೆ). ಬಲಗೈ 100ರ ಸುತ್ತ, ಎಡಗೈ 80ರ ಸುತ್ತ ಇರಲಿ.

ಇನ್ನೊಂದು ಅನುಮಾನ ನನಗಿದೆ: ನಿಮ್ಮ ಪ್ರಾಜೆಕ್ಟ್ 4/4ರಲ್ಲೇ ಇರಬೇಕು. ಹಾಡು ತ್ರಿವುಡೆ ತಾಳದ್ದಾದರೆ ಅದಕ್ಕೆ ಏಳು ಅಕ್ಷರ. 4/4ರಲ್ಲಿ ಬಾರಿಸಿದರೆ ಆವರ್ತದ ಮೊದಲ ಪೆಟ್ಟು ಪ್ರತಿ ಸಲ ಬೇರೆ ಜಾಗಕ್ಕೆ ಬಿದ್ದು, ಲಿಸ್ಟಿನ ಬಾರ್ ಸಂಖ್ಯೆಗೆ ಅರ್ಥವೇ ಇರುವುದಿಲ್ಲ. 7/8 ಮಾಡಿಕೊಳ್ಳಿ. ಭಾಗವತರು ಕಾಲ ಏರಿಸುವಂತೆ ಹಾಡು ಏರಬೇಕಿದ್ದರೆ ಪೆಟ್ಟುಗಳನ್ನು ಎಳೆದಾಡಬೇಡಿ, ಟೆಂಪೋ ಟ್ರ್ಯಾಕಿನಲ್ಲಿ 90ರಿಂದ 110ಕ್ಕೆ ಒಂದು ಏರುಗೆರೆ ಎಳೆಯಿರಿ. ಚೆಂಡೆ ಅದರ ಹಿಂದೆಯೇ ಹೋಗುತ್ತದೆ.