ಪಿಕಪ್ ಗಾಡಿಗೆ ತಕ್ಕ ಹೊದಿಕೆ



ನಮ್ಮ ಹಿರಿಯರು ಎತ್ತಿನ ಗಾಡಿಯಲ್ಲಿ ದೂರದ ಊರಿಗೆ ಹೊರಟಾಗ ಬಿದಿರಿನ ಕಮಾನು ಕಟ್ಟಿ, ಅದರ ಮೇಲೆ ಚಾಪೆ ಹೊದಿಸುತ್ತಿದ್ದರು. ಮಳೆಯ ನೀರು ಕಮಾನಿನಿಂದ ಎರಡೂ ಪಕ್ಕಕ್ಕೆ ಹರಿದುಹೋಗುತ್ತಿತ್ತು. ಒಳಗೆ ಗಾಳಿಯೂ ಆಡುತ್ತಿತ್ತು. ಇಂದು ಎತ್ತಿನ ಗಾಡಿಯ ಕೆಲಸವನ್ನು ಪಿಕಪ್ ಗಾಡಿ ಮಾಡುತ್ತಿದೆ. ಹೊಲದ ಬದುವಿನಲ್ಲಿ ತುಂಬಿದ ಸರಕು ಎರಡು ಗಂಟೆಯಲ್ಲಿ ಮಾರುಕಟ್ಟೆಯ ಅಂಗಳದಲ್ಲಿರುತ್ತದೆ. ಗಾಡಿ ಬದಲಾಯಿತು, ಮಳೆ, ಬಿಸಿಲು, ಗಾಳಿ ಬದಲಾಗಲಿಲ್ಲ. ಆದುದರಿಂದ ಗಾಡಿಗೆ ಹೊದಿಕೆಯನ್ನು ಹೇಗೆ ಆರಿಸಬೇಕು, ಯಾವುದನ್ನು ಕೊಳ್ಳಬಾರದು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಮೊದಲು ನಡೆದ ಒಂದು ಸಂಗತಿ ಹೇಳುತ್ತೇವೆ. ನೆರೆಯ ಊರಿನ ರೈತರೊಬ್ಬರು ಚಿತ್ತೆ ಮಳೆಯ ದಿನಗಳಲ್ಲಿ ಮೆಕ್ಕೆಜೋಳ ತುಂಬಿಕೊಂಡು ದಾವಣಗೆರೆಗೆ ಹೊರಟರು. ಚೀಲಕ್ಕೆ 50 ಕಿಲೋದಂತೆ 34 ಚೀಲ, ಒಟ್ಟು 17 ಕ್ವಿಂಟಲ್. ಐದು ದಿನ ಕಣದಲ್ಲಿ ಹರಡಿ, ಚೆನ್ನಾಗಿ ಒಣಗಿಸಿದ ಕಾಳು. ಮೇಲೆ ಮುಚ್ಚಿದ್ದು ಮಾತ್ರ ಜಾತ್ರೆಯಲ್ಲಿ ಕಟ್ಟಿದ್ದ ಹಳೆಯ ಫ್ಲೆಕ್ಸ್ ಹಾಳೆ.

“ಮಾವ, ಈ ಫ್ಲೆಕ್ಸು ತಡೀತದಾ?” ಎಂದು ಗಾಡಿ ಓಡಿಸುವ ಹುಡುಗ ಕೇಳಿದ.

“ಎರಡು ಗಂಟೆ ದಾರಿ, ನಡಿಯಪ್ಪ. ಮೋಡ ಆ ಕಡೆ ಹೋಗ್ತೈತೆ,” ಎಂದರು ಯಜಮಾನರು.

ಮೋಡ ಆ ಕಡೆ ಹೋಗಲಿಲ್ಲ. ಅರ್ಧ ದಾರಿಯಲ್ಲಿ ಗಾಳಿಗೆ ಫ್ಲೆಕ್ಸ್ ನಡುವೆ ಸೀಳಿತು. ಹಿಂದೆಯೇ ಮಳೆ ಬಂತು. ನೆಂದದ್ದು 9 ಚೀಲ. ಆದರೆ ಖರೀದಿದಾರರು ಕೈಹಾಕಿ ನೋಡಿದ್ದು ನೆಂದ ಚೀಲವನ್ನೇ. ಕ್ವಿಂಟಲಿಗೆ 200 ರೂಪಾಯಿ ಇಳಿಸಿ, ಇಡೀ ಗಾಡಿಗೆ ಅದೇ ದರ ಕಟ್ಟಿದರು. 17 ಕ್ವಿಂಟಲಿಗೆ 3,400 ರೂಪಾಯಿ ಹೋಯಿತು. ನಾಲ್ಕು ತಿಂಗಳು ಕಾಪಾಡಿದ ಬೆಳೆಯನ್ನು ಕೊನೆಯ ಎರಡು ಗಂಟೆ ಕಾಪಾಡಲಾಗಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತಾಯಿತು.

1. ಮೊದಲು ಸರಕು ನೋಡಿ

ಅಂಗಡಿಗೆ ಹೋದೊಡನೆ ನಾವು ಬಣ್ಣ ನೋಡುತ್ತೇವೆ, ಬೆಲೆ ಕೇಳುತ್ತೇವೆ. ಇದು ತಪ್ಪು. ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, “ನನ್ನ ಗಾಡಿ ಹೆಚ್ಚಾಗಿ ಏನನ್ನು ಹೊರುತ್ತದೆ?” ಎಂಬುದು. ಸರಕಿನಲ್ಲಿ ಮೂರು ಬಗೆಯುಂಟು.

(ಅ) ಒಣ ಸರಕು: ಭತ್ತ, ರಾಗಿ, ಮೆಕ್ಕೆಜೋಳ, ಶೇಂಗಾ, ಒಣ ಮೆಣಸಿನಕಾಯಿ, ಗೊಬ್ಬರ, ಸಿಮೆಂಟು. ಇವಕ್ಕೆ ಒಂದು ಹನಿ ನೀರೂ ಸೋಕಬಾರದು. ನೆಂದ ಸಿಮೆಂಟು ಕಲ್ಲಾಗುತ್ತದೆ, ಯೂರಿಯಾ ಗಂಟುಕಟ್ಟುತ್ತದೆ. ನೆಂದು ಹಾಗೆಯೇ ಉಳಿದ ಶೇಂಗಾ, ಮೆಕ್ಕೆಜೋಳ, ಮೆಣಸಿನಕಾಯಿಗಳಿಗೆ ಬೂಷ್ಟು ಹಿಡಿಯುತ್ತದೆ. ಒಂದು ಜಾತಿಯ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಇದು ಯಕೃತ್ತಿಗೆ ಕೇಡು. ಬೇಯಿಸಿದರೂ, ಹುರಿದರೂ ಪೂರ್ತಿ ಹೋಗುವುದಿಲ್ಲ. ಆದುದರಿಂದ ಒಣ ಸರಕಿಗೆ ನೀರು ಬಿಡದ ಹೊದಿಕೆಯೇ ಬೇಕು.

(ಆ) ಉಸಿರಾಡುವ ಸರಕು: ಟೊಮೇಟೊ, ಈರುಳ್ಳಿ, ಸೊಪ್ಪು, ಹೂವು, ರೇಷ್ಮೆ ಗೂಡು. ಕಿತ್ತ ಮೇಲೂ ಕಾಯಿಪಲ್ಲೆ ಉಸಿರಾಡುತ್ತದೆ, ಬಿಸಿ ಮತ್ತು ತೇವವನ್ನು ಹೊರಬಿಡುತ್ತದೆ. ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಮುಚ್ಚಿದರೆ ಒಳಗೆ ಬೆವರಿ ಕೊಳೆಯುತ್ತದೆ. ರೇಷ್ಮೆ ಗೂಡಿನೊಳಗೆ ಜೀವಂತ ಹುಳುವಿರುತ್ತದೆ. ರಾಮನಗರದ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ಅದು ಬೆಂದು ಸತ್ತರೆ ಗೂಡಿಗೆ ಕಲೆ ಹತ್ತುತ್ತದೆ, ದರ ಬೀಳುತ್ತದೆ. ಇವಕ್ಕೆ ನೆರಳೂ ಬೇಕು, ಗಾಳಿಯೂ ಬೇಕು.

(ಇ) ಹಾರುವ ಸರಕು: ಮರಳು, ಜಲ್ಲಿಪುಡಿ, ಹೊಟ್ಟು, ಒಣಹುಲ್ಲು. ಇವು ಹಿಂದೆ ಬರುವ ಬೈಕ್ ಸವಾರನ ಕಣ್ಣಿಗೆ ಬೀಳುತ್ತವೆ. ನಮ್ಮ ಸರಕು ಉಳಿಯಲೆಂದಷ್ಟೇ ಅಲ್ಲ, ಮತ್ತೊಬ್ಬರ ಜೀವ ಉಳಿಯಲೆಂದೂ ಮುಚ್ಚಬೇಕು.

2. ಹೊದಿಕೆಯ ಬಗೆಗಳು

ನಾವು ಟಾರ್ಪಾಲು ಎನ್ನುವುದನ್ನು ಕೆಲವು ಕಡೆ ತಾಡಪತ್ರಿ ಎನ್ನುತ್ತಾರೆ. ಹೆಸರು ಯಾವುದಾದರೂ ಆಗಲಿ, ಬಗೆಯನ್ನು ತಿಳಿದು ಕೊಳ್ಳತಕ್ಕದ್ದು.

ಹತ್ತಿಯ ಕ್ಯಾನ್ವಾಸು: ಮೇಣ ಹಿಡಿಸಿದ ದಪ್ಪ ಬಟ್ಟೆ. ಗಟ್ಟಿ, ಗಾಳಿಗೆ ಪಟಪಟ ಬಡಿದುಕೊಳ್ಳುವುದು ಕಡಿಮೆ, ಒಳಗೆ ಬೆವರುವುದೂ ಕಡಿಮೆ. ಆದರೆ ಬಲು ಭಾರ. ನೆಂದರೆ ಇನ್ನೂ ಭಾರ. ಹಸಿಯಾಗಿಯೇ ಮಡಿಸಿಟ್ಟರೆ ಕೊಳೆತುಹೋಗುತ್ತದೆ.

ನೇಯ್ದ ಪ್ಲಾಸ್ಟಿಕ್ ಟಾರ್ಪಾಲು: ಪ್ಲಾಸ್ಟಿಕ್ ಪಟ್ಟಿಗಳನ್ನು ನೇಯ್ದು ಎರಡೂ ಮೈಗೆ ಲೇಪ ಹಾಕಿದ್ದು. ಹಗುರ, ಬೆಲೆ ಕಡಿಮೆ, ಎಲ್ಲ ಕಡೆ ಸಿಗುತ್ತದೆ. ಇದಕ್ಕೆ ಬಿಸಿಲೇ ಶತ್ರು. ಬಿಸಿಲು ತಡೆಯುವ ಮಿಶ್ರಣವಿಲ್ಲದ್ದು ಬೇಗನೆ ಪುಡಿಯಾಗುತ್ತದೆ. ಈ ಬಗೆಗೆ ಭಾರತೀಯ ಮಾನಕ ಸಂಸ್ಥೆಯ ಮಾನಕವಿದೆ. ಅದರ ಸಂಖ್ಯೆ ಐ.ಎಸ್. 7903. ಹಾಳೆಯ ಮೇಲೆ ಈ ಗುರುತಿದೆಯೇ ಎಂದು ನೋಡಿಕೊಳ್ಳಿ.

ಪದರ ಹಾಳೆ: ನೇಯ್ಗೆಯಿಲ್ಲದೆ ಹಲವು ಪದರಗಳನ್ನು ಅಡ್ಡಡ್ಡ ಅಂಟಿಸಿದ್ದು. ಸಿಲ್ಪಾಲಿನ್ ಎಂಬ ಹೆಸರಿನಲ್ಲಿ ಜನ ಬಲ್ಲರು. ಹಗುರವಾದರೂ ಸುಲಭವಾಗಿ ಹರಿಯುವುದಿಲ್ಲ.

ಪಿ.ವಿ.ಸಿ. ಲೇಪದ ಬಟ್ಟೆ: ಲಾರಿಗಳ ಮೇಲೆ ಕಾಣುವ ದಪ್ಪ ಹೊದಿಕೆ. ಹೆಚ್ಚು ಬಾಳಿಕೆ, ಹೆಚ್ಚು ಬೆಲೆ. ದಿನವೂ ಬಾಡಿಗೆ ಓಡುವ ಗಾಡಿಗೆ ಸರಿ. ವರ್ಷಕ್ಕೆ ಹತ್ತು ಸಲ ಮಾರುಕಟ್ಟೆಗೆ ಹೋಗುವವರಿಗೆ ಅಗತ್ಯವಿಲ್ಲ.

ನೆರಳು ಬಲೆ: ಮಳೆ ತಡೆಯುವುದಿಲ್ಲ. ಆದರೆ ಟೊಮೇಟೊ, ಸೊಪ್ಪು, ಕುರಿ, ಕೋಳಿಗಳಿಗೆ ಬೇಸಿಗೆಯಲ್ಲಿ ಇದೇ ಉತ್ತಮ. ಉಸಿರಾಡುವ ಸರಕು ಹೊರುವವರು ಬಲೆಯನ್ನೂ ಟಾರ್ಪಾಲನ್ನೂ ಜೊತೆಗಿಟ್ಟುಕೊಳ್ಳಬೇಕು. ಮಳೆ ಬಂದರೆ ಟಾರ್ಪಾಲನ್ನು ಕಮಾನಿನ ಮೇಲೆ ಹಾಕಿ, ಹಿಂಬದಿಯನ್ನು ತೆರೆದಿಡಬೇಕು.

ಗಟ್ಟಿ ಮುಚ್ಚಳ: ಅಮೆರಿಕದಲ್ಲಿ ಜನರು ಪಿಕಪ್ಪನ್ನು ಸ್ವಂತ ಓಡಾಟಕ್ಕೂ ಇಟ್ಟುಕೊಳ್ಳುತ್ತಾರೆ. ಅಲ್ಲಿ ಬಾಡಿಯ ಅಂಚಿಗೆ ಸಮನಾಗಿ ಕೂರುವ ಚಪ್ಪಟೆ ಮುಚ್ಚಳಗಳು ವಾಡಿಕೆ. ಸುರುಳಿ ಸುತ್ತುವವು, ಮೂರು ಮಡಿಕೆಯವು, ಒಂದೇ ತುಂಡಿನವು ಎಂದು ಹಲವು ಬಗೆ. ಕೀಲಿ ಹಾಕಬಹುದು, ಉಪಕರಣಗಳು ಭದ್ರ. ಆದರೆ ಅಂಚಿಗಿಂತ ಎತ್ತರವಾಗಿ ಚೀಲ ಪೇರಿಸುವ ನಮ್ಮ ಗಾಡಿಗೆ ಈ ಮುಚ್ಚಳ ಮುಚ್ಚುವುದೇ ಇಲ್ಲ. ಚಿತ್ರ ನೋಡಿ ಮನಸೋಲಬೇಡಿ.

3. ಕೊಳ್ಳಬಾರದವು, ಬಳಸಬಾರದವು

ಹಳೆಯ ಫ್ಲೆಕ್ಸ್ ಹಾಳೆ: ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿರುತ್ತದೆ. ಗಾಳಿಗೆ ಸೀಳಿ ಹಾರಿ, ಹಿಂದಿನ ವಾಹನದ ಗಾಜಿಗೆ ಅಂಟಿಕೊಂಡರೆ ಆಗುವ ಅನಾಹುತಕ್ಕೆ ಹೊಣೆ ಯಾರು?

ಗೊಬ್ಬರದ ಚೀಲ ಹೊಲಿದ ಹೊದಿಕೆ: ಹೊಲಿಗೆಯ ಪ್ರತಿಯೊಂದು ತೂತಿನಲ್ಲೂ ನೀರು ಇಳಿಯುತ್ತದೆ, ಉಳಿದ ಗೊಬ್ಬರ ಕರಗಿ ತಿನ್ನುವ ಕಾಳಿನ ಮೇಲೆ ತೊಟ್ಟಿಕ್ಕುತ್ತದೆ.

ತೆಳುವಾದ ಕಪ್ಪು ಪಾಲಿಥೀನ್ ಹಾಳೆ: ನೆಲಕ್ಕೆ ಹೊದಿಸಲು ಸರಿ, ಓಡುವ ಗಾಡಿಗಲ್ಲ. ಒಂದು ಮೂಲೆ ಹರಿದರೆ ಮತ್ತೊಂದು ಮೂಲೆಯವರೆಗೂ ಹರಿಯುತ್ತದೆ.

ಕೀಟನಾಶಕ ತಾಕಿದ ಟಾರ್ಪಾಲು: ತೊಳೆದಿದ್ದೇವೆ ಎಂದುಕೊಂಡರೂ ಕಾಳಿನ ಮೇಲೆ ಹಾಕಕೂಡದು. ಗೊಬ್ಬರ, ಔಷಧಿಗೆ ಒಂದು, ಕಾಳುಕಡ್ಡಿಗೆ ಮತ್ತೊಂದು ಇರಲಿ.

ಮನಬಂದಂತೆ ಬೆಸುಗೆ ಹಾಕಿಸಿದ ಕಬ್ಬಿಣದ ಗೂಡು: ಇದು ಗಾಡಿಯ ತೂಕ ಹೆಚ್ಚಿಸುತ್ತದೆ. ನೋಂದಣಿ ದಾಖಲೆಯ ವಿವರಕ್ಕೆ ಹೊಂದದ ಮಾರ್ಪಾಟುಗಳನ್ನು 1988ರ ಮೋಟಾರು ವಾಹನಗಳ ಕಾಯಿದೆ ಒಪ್ಪುವುದಿಲ್ಲ. ಬೇಕಾದಾಗ ಸಿಕ್ಕಿಸಿ ಬೇಡವಾದಾಗ ತೆಗೆಯುವ ಹಗುರವಾದ ಪೈಪಿನ ಕಮಾನು ಸಾಕು.

4. ಅಳತೆ ಹಾಕುವ ಬಗೆ

ಬಾಡಿಯ ಅಳತೆಯ ಟಾರ್ಪಾಲು ತಂದರೆ ಚೀಲದ ಮೇಲ್ಭಾಗಕ್ಕಷ್ಟೇ ಸಾಕಾಗುತ್ತದೆ. ಲೆಕ್ಕ ಹೀಗೆ: ಬಾಡಿ 9 ಅಡಿ ಉದ್ದ, 5½ ಅಡಿ ಅಗಲ ಇದೆಯೆನ್ನಿ. ಚೀಲಗಳು ಪಕ್ಕದ ಹಲಗೆಯಿಂದ 2 ಅಡಿ ಮೇಲೆ ಬರುತ್ತವೆ. ಹೊದಿಕೆ ಹಲಗೆಯ ಹೊರಗೆ 1½ ಅಡಿ ಇಳಿಯಬೇಕು. ಎಂದರೆ ಒಂದೊಂದು ಪಕ್ಕಕ್ಕೆ 3½ ಅಡಿ, ಎರಡು ಪಕ್ಕಕ್ಕೆ 7 ಅಡಿ. ಉದ್ದ 9 ಕೂಡಿಸು 7, 16 ಅಡಿ. ಅಗಲ 5½ ಕೂಡಿಸು 7, 12½ ಅಡಿ. ಅಂಗಡಿಯಲ್ಲಿ 18 ಅಡಿಗೆ 15 ಅಡಿಯದನ್ನು ಕೇಳಿ. ನಿಮ್ಮ ಗಾಡಿಯನ್ನು ನೀವೇ ಹಗ್ಗದಿಂದ ಅಳೆದು ಇದೇ ಲೆಕ್ಕ ಹಾಕಿ.

5. ತೂಕ ಹಾಕಿ ಕೊಳ್ಳಿ

ಟಾರ್ಪಾಲಿನ ದಪ್ಪವನ್ನು ಜಿ.ಎಸ್.ಎಂ. ಎಂಬ ಅಂಕಿಯಿಂದ ಹೇಳುತ್ತಾರೆ. ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಇದರ ಅರ್ಥ. ನೇಯ್ದ ಪ್ಲಾಸ್ಟಿಕ್ ಟಾರ್ಪಾಲಾದರೆ ಗಾಡಿಗೆ 250ರ ಆಸುಪಾಸಿನದು ಇರಲಿ. ಚೀಟಿಯ ಮೇಲೆ ಬರೆದದ್ದು ನಿಜವೋ ಸುಳ್ಳೋ ಎಂದು ತಕ್ಕಡಿ ಹೇಳುತ್ತದೆ.

18 ಅಡಿಗೆ 15 ಅಡಿ ಎಂದರೆ ಸುಮಾರು 25 ಚದರ ಮೀಟರ್. 25 ಗುಣಿಸು 250, 6,250 ಗ್ರಾಂ. ಎಂದರೆ ಆ ಟಾರ್ಪಾಲು ಆರೂಕಾಲು ಕಿಲೋ ತೂಗಬೇಕು. ಮುಕ್ಕಾಲು ಕಡಿಮೆ ನಾಲ್ಕು ಕಿಲೋ ತೂಗಿದರೆ ಅದು 130ರ ಹಾಳೆ. ಚೀಟಿ ಏನೇ ಹೇಳಲಿ.

ತೂಕವಾದ ಮೇಲೆ ಇನ್ನು ಮೂರು ಪರೀಕ್ಷೆ ಮಾಡಿ. ಬಿಸಿಲಿಗೆ ಹಿಡಿದು ಸೂಜಿತೂತಿನಂತಹ ಬೆಳಕು ಕಾಣುತ್ತದೆಯೇ ನೋಡಿ. ಜೋಳಿಗೆಯಂತೆ ಹಿಡಿದು ಒಂದು ಬಿಂದಿಗೆ ನೀರು ಹಾಕಿ, ಮಡಿಕೆ ಮತ್ತು ಜೋಡಣೆಯ ಕೆಳಗೆ ಬೆರಳಾಡಿಸಿ. ಅಂಚಿನೊಳಗೆ ಹಗ್ಗ ಸೇರಿಸಿ ಮಡಿಸಿದ್ದಾರೆಯೇ, ಹಗ್ಗ ಹಾಕುವ ಬಳೆಗಳು ಮೂರಡಿಗೊಂದರಂತೆ ಭದ್ರವಾಗಿವೆಯೇ ಎಂದು ಎಳೆದು ನೋಡಿ. ಟಾರ್ಪಾಲು ಹರಿಯುವುದು ಹೆಚ್ಚಾಗಿ ಬಳೆಯ ಬಳಿಯಲ್ಲೇ.

ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರಗಳಲ್ಲಿ ರಿಯಾಯಿತಿ ದರಕ್ಕೆ ಟಾರ್ಪಾಲು ಹಂಚುವುದುಂಟು. ಅಂಗಡಿಗೆ ಹೋಗುವ ಮೊದಲು ಅಲ್ಲಿ ವಿಚಾರಿಸಿ.

6. ಕಟ್ಟುವ ಕ್ರಮ

ಒಳ್ಳೆಯ ಟಾರ್ಪಾಲನ್ನು ಕೆಟ್ಟದಾಗಿ ಕಟ್ಟಿದರೆ ಅದು ಕೆಟ್ಟ ಟಾರ್ಪಾಲೇ.

ಮೇಲ್ಭಾಗ ಚಪ್ಪಟೆಯಾಗಿರಬಾರದು. ನಡುವಿನ ಸಾಲಿಗೆ ಒಂದು ಚೀಲ ಹೆಚ್ಚಾಗಿ ಪೇರಿಸಿ, ಅಥವಾ ಕಮಾನು ಹಾಕಿ, ಮನೆಯ ಮಾಡಿನಂತೆ ಇಳಿಜಾರು ಮಾಡಿ. ಒಂದು ಮೀಟರ್ ಉದ್ದಗಲದ ತಗ್ಗಿನಲ್ಲಿ 5 ಸೆಂಟಿಮೀಟರ್ ನೀರು ನಿಂತರೆ ಅದು 50 ಕಿಲೋ ಭಾರ. ಹಾಳೆ ಅದನ್ನು ತಾಳುವುದಿಲ್ಲ.

ಮೊದಲು ಮುಂಭಾಗ ಕಟ್ಟಿ, ಅನಂತರ ಪಕ್ಕಗಳು, ಕೊನೆಗೆ ಹಿಂಭಾಗ. ಮುಂದೆ ಸಡಿಲವಿದ್ದರೆ ಗಾಳಿ ಒಳಹೊಕ್ಕು ಹೊದಿಕೆಯನ್ನು ಎತ್ತಿಬಿಡುತ್ತದೆ. ಎರಡು ಹಾಳೆ ಹಾಕುವುದಾದರೆ ಮುಂದಿನದು ಹಿಂದಿನದರ ಮೇಲೆ ಬರಬೇಕು. ಬಳೆಗೆ ಕಟ್ಟುವುದಲ್ಲದೆ, ಮೇಲಿನಿಂದ ಅಡ್ಡಡ್ಡ ಹಗ್ಗ ಬಿಗಿಯಿರಿ. ಹಿಂದಿನ ದೀಪ, ನಂಬರು ಹಲಗೆ ಮುಚ್ಚದಿರಲಿ. ತುದಿ ಸೈಲೆನ್ಸರಿಗೆ ಸೋಕದಿರಲಿ. ಐದು ಕಿಲೋಮೀಟರ್ ಹೋದ ಮೇಲೆ ಒಮ್ಮೆ ನಿಲ್ಲಿಸಿ ಹಗ್ಗ ನೋಡಿ. ಕುಲುಕಾಟಕ್ಕೆ ಚೀಲ ಕೂತು ಹಗ್ಗ ಸಡಿಲವಾಗಿರುತ್ತದೆ.

7. ಹೊದಿಕೆಯ ಕೆಳಗೆ ಜನರು ಬೇಡ

ಇದು ಈ ಪಾಠದ ಅತಿ ಮುಖ್ಯ ಭಾಗ. ಮಳೆ ಬಂದಾಗ ಕೂಲಿಗೆ ಹೋಗುವ ಹೆಣ್ಣುಮಕ್ಕಳನ್ನೂ ಮಕ್ಕಳನ್ನೂ ಪಿಕಪ್ಪಿನ ಹಿಂದೆ ಕೂರಿಸಿ ಮೇಲೆ ಟಾರ್ಪಾಲು ಎಳೆಯುವುದನ್ನು ನಾವು ಕಂಡಿದ್ದೇವೆ. ಸರಕು ಗಾಡಿಯಲ್ಲಿ ಜನರನ್ನು ಸಾಗಿಸುವುದೇ ಕಾಯಿದೆಗೆ ವಿರುದ್ಧ. ಅದಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣದು. ಓಡುವ ಗಾಡಿಯ ಹಿಂದೆ ಹೊಗೆ ಸುಳಿದು ಹೊದಿಕೆಯೊಳಗೆ ಸೇರುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ತೂಕಡಿಕೆ ಬರುತ್ತದೆ. ನಿದ್ದೆ ಎಂದುಕೊಂಡದ್ದು ಪ್ರಜ್ಞೆ ತಪ್ಪಿದ್ದಾಗಿರಬಹುದು. ಪಿಕಪ್ಪಿನ ಹಿಂಬದಿಯಲ್ಲಿ ಮುಚ್ಚಳದ ಇಲ್ಲವೆ ಟಾರ್ಪಾಲಿನ ಕೆಳಗೆ ಕುಳಿತು ಈ ವಿಷಗಾಳಿಗೆ ಸಿಕ್ಕ 20 ಮಕ್ಕಳ ಸಂಗತಿಯನ್ನು ಅಮೆರಿಕದ ವೈದ್ಯರು 1992ರಲ್ಲಿ ಪ್ರಕಟಿಸಿದರು. ಹೊದಿಕೆ ಸರಕಿಗೆ, ಮನುಷ್ಯರಿಗಲ್ಲ.

ಕುರಿ, ಮೇಕೆ, ದನಗಳನ್ನು ಸಂತೆಗೆ ಒಯ್ಯುವಾಗಲೂ ಪೂರ್ತಿ ಮುಚ್ಚಬಾರದು. ಮೇಲೆ ನೆರಳು, ಪಕ್ಕಗಳಲ್ಲಿ ಗಾಳಿ ಇರಲಿ.

8. ಬಾಳಿಕೆ

ಬಳಸಿದ ಮೇಲೆ ಮಣ್ಣು ಕೊಡವಿ, ನೆರಳಿನಲ್ಲಿ ಒಣಗಿಸಿ. ಒಂದೇ ಗೆರೆಯಲ್ಲಿ ಸದಾ ಮಡಿಸದೆ ಸುರುಳಿ ಸುತ್ತಿಡಿ. ಇಲಿ ಮುಟ್ಟದಂತೆ ಅಟ್ಟಣಿಗೆಯಲ್ಲಿ ತೂಗುಹಾಕಿ. ತೂತು ಸಣ್ಣದಿರುವಾಗಲೇ ತೇಪೆ ಹಚ್ಚಿ. ಗಾಡಿ ನಿಂತಿರುವಾಗ ಹೊದಿಕೆಯನ್ನು ಬಿಸಿಲಿನಲ್ಲಿ ಬಿಡಬೇಡಿ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಿಮ್ಮ ಊರಿನಿಂದ ಮಾರುಕಟ್ಟೆಗೆ ಹೋಗುವ ಸರಕು ಮೂರರಲ್ಲಿ ಯಾವ ಬಗೆಯದು?
2. ನಿಮ್ಮ ಗಾಡಿಗೆ ಎಷ್ಟು ಅಡಿ ಉದ್ದಗಲದ ಟಾರ್ಪಾಲು ಬೇಕು? ಅದು 250 ಜಿ.ಎಸ್.ಎಂ. ಆದರೆ ಎಷ್ಟು ತೂಗಬೇಕು?
3. ಮನೆಯಲ್ಲಿರುವ ಹಳೆಯ ಹೊದಿಕೆಗೆ ನೀರಿನ ಪರೀಕ್ಷೆ ಮಾಡಿದಿರಾ? ಏನು ಕಂಡಿತು?
4. ಕೂಲಿಗೆ ಹೋಗುವವರು ಸರಕು ಗಾಡಿ ಹತ್ತದಂತೆ ಊರಿನಲ್ಲಿ ಏನು ಏರ್ಪಾಡು ಮಾಡಬಹುದು?

ಮುಂದಿನ ಮಳೆಗೆ ಮೊದಲೇ ಉತ್ತರ ಕಂಡುಕೊಳ್ಳಿ. ಮೋಡ ಆ ಕಡೆ ಹೋಗುತ್ತದೆಂದು ನಂಬಿ ಗಾಡಿ ಹೂಡಬೇಡಿ.